ಐದು ತಿಂಗಳಾಯ್ತು, ನಮ್ಮ ಕಾಕರ್ ಮರಿ ಇಷ್ಟೇನಾ ಬೆಳೆಯೋದು?

ಪ್ರಶ್ನೆ: ಡಾಕ್ಟರೇ, ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಮೂರು ತಿಂಗಳ ಹಿಂದೆ ಹೊಂಬಣ್ಣದ ಕಾಕರ್ ಸ್ಪ್ಯಾನಿಯಲ್ ಹೆಣ್ಣು ಮರಿ ತಂದೆವು. ಮಗಳು ಚಿನ್ನಿ ಅಂತ ಹೆಸರಿಟ್ಟಿದ್ದಾಳೆ. ಕೊಟ್ಟವರು 60 ದಿನದ ಮರಿ ಅಂದಿದ್ದರು, ಆಗ 1.6 ಕೆಜಿ ಇತ್ತು. ಆ ಲೆಕ್ಕದಲ್ಲಿ ಈಗ ಐದು ತಿಂಗಳು. ಕಳೆದ ತಿಂಗಳು ದಿನಸಿ ಅಂಗಡಿಯ ತಕ್ಕಡಿಯಲ್ಲಿ 4.6 ಕೆಜಿ ಬಂತು, ಈಗ 6.4. ಪಕ್ಕದ ಮನೆಯವರು ನೋಡಿದಾಗಲೆಲ್ಲ "ಮರಿ ಬೆಳೀತಾನೇ ಇಲ್ವಲ್ಲ" ಅಂತಾರೆ. ಪಂಜ ಸಣ್ಣದು, ಇನ್ನು ಬೆಳೆಯಲ್ಲ ಅಂತ ಇನ್ನೊಬ್ಬರು ಹೇಳಿದರು. ಕೈ ಆಡಿಸಿದರೆ ಪಕ್ಕೆಲುಬು ಸಿಗುತ್ತದೆ. ಬೆಳಿಗ್ಗೆ ಹಾಲು-ಬ್ರೆಡ್, ಮಧ್ಯಾಹ್ನ ಮೊಸರನ್ನಕ್ಕೆ ಸ್ವಲ್ಪ ಬೇಯಿಸಿದ ಕೋಳಿ, ರಾತ್ರಿ ರಾಗಿ ಗಂಜಿ ಕೊಡುತ್ತೇವೆ. ಅಂಗಡಿಯವರು ಕೊಟ್ಟ ಕ್ಯಾಲ್ಸಿಯಂ ಸಿರಪ್ ದಿನಕ್ಕೆ ಎರಡು ಚಮಚ, ಜೊತೆಗೆ ಒಂದು ಹಸಿ ಮೊಟ್ಟೆ. ಚುರುಕಾಗಿದ್ದಾಳೆ, ಆಟ ಆಡುತ್ತಾಳೆ. ಮುಂದಿನ ಹಲ್ಲು ಈಗಷ್ಟೇ ಬೀಳುತ್ತಿವೆ. ಇವಳು ದೊಡ್ಡವಳಾದಾಗ ಎಷ್ಟಾಗುತ್ತಾಳೆ? ನಾವೇನಾದರೂ ತಪ್ಪು ಮಾಡುತ್ತಿದ್ದೇವಾ? ಇನ್ನೊಂದು ವಿಷಯ. ನಮ್ಮದು ಮೊದಲನೇ ಮಹಡಿಯ ಬಾಡಿಗೆ ಮನೆ. ನಾಯಿ ದೊಡ್ಡದಾಗುತ್ತಾ ಅಂತ ಓನರ್ ಕೇಳ್ತಾ ಇದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸಿದ್ದು ತೂಕವಲ್ಲ ಮೇಡಂ, ಕೊನೆಯಲ್ಲಿ ನೀವು ಹಾಗೇ ಬರೆದುಬಿಟ್ಟ ಒಂದು ಮಾತು. ಮುಂದಿನ ಹಲ್ಲು ಈಗಷ್ಟೇ ಬೀಳುತ್ತಿವೆ ಅಂದಿದ್ದೀರಿ. ಅದರ ಮೇಲೆ ಹೇಳುವುದಾದರೆ ಚಿನ್ನಿಗೆ ಐದು ತಿಂಗಳು ತುಂಬಿರುವುದು ಅನುಮಾನ. ಬಹುಶಃ ನಾಲ್ಕು ತಿಂಗಳು ದಾಟಿ ಸ್ವಲ್ಪ ದಿನ ಆಗಿರಬೇಕು.

ಹೇಗೆ ಅಂತ ಹೇಳುತ್ತೇನೆ. ನಾಯಿಮರಿಗೆ ಹಾಲು ಹಲ್ಲು ಒಟ್ಟು 28. ಅವು ಮೂರನೇ ವಾರದ ಹೊತ್ತಿಗೆ ಮೂಡಲು ಶುರುವಾಗಿ ಎಂಟು ವಾರದೊಳಗೆ ಎಲ್ಲಾ ಬಂದಿರುತ್ತವೆ. ಆಮೇಲೆ ಅವು ಬಿದ್ದು ಶಾಶ್ವತ ಹಲ್ಲು ಬರುವುದಕ್ಕೂ ಒಂದು ಕ್ರಮವಿದೆ. ಮುಂದಿನ ಸಣ್ಣ ಹಲ್ಲುಗಳು ಮೂರು ತಿಂಗಳು ದಾಟಿದ ಮೇಲೆ ಬೀಳಲು ಶುರುವಾಗಿ ಐದು ತಿಂಗಳ ಹೊತ್ತಿಗೆ ಬದಲಾಗಿ ಮುಗಿಯುತ್ತವೆ. ಐದರಿಂದ ಆರು ತಿಂಗಳಲ್ಲಿ ಕೋರೆಹಲ್ಲಿನ ಸರದಿ. ಏಳು ತಿಂಗಳಿಗೆ 42 ಹಲ್ಲೂ ಬಂದು ಮುಗಿಯುತ್ತದೆ. ಈ ಲೆಕ್ಕ ಅಲ್ಲೊಂದು ಇಲ್ಲೊಂದು ಮರಿಯಲ್ಲಿ ಒಂದೆರಡು ವಾರ ಆಚೀಚೆ ಆಗಬಹುದು, ಆದರೆ ಪೂರ್ತಿ ತಲೆಕೆಳಗಾಗುವುದಿಲ್ಲ. ನಮ್ಮ ಕ್ಲಿನಿಕ್‌ಗೆ ಹೊಸ ಮರಿ ಬಂದರೆ ನಾನು ಕೈಯಲ್ಲಿರುವ ಕಾಗದ ನೋಡುವ ಮೊದಲು ತುಟಿ ಎತ್ತಿ ಹಲ್ಲು ನೋಡುತ್ತೇನೆ.

ಈಗ ನೀವು ತಂದ ದಿನಕ್ಕೆ ಹೋಗೋಣ. 60 ದಿನದ ಕಾಕರ್ ಮರಿ ಸಾಮಾನ್ಯವಾಗಿ 2ರಿಂದ 3 ಕೆಜಿ ಇರುತ್ತದೆ. ನಿಮ್ಮದು 1.6 ಇತ್ತು. ಅದು ಸುಮಾರು 40 ದಿನದ ಮರಿಯ ತೂಕ. ಮರಿ ಚಿಕ್ಕದಿದ್ದಷ್ಟೂ ಮುದ್ದು, ಬೇಗ ಮಾರಾಟವಾಗುತ್ತದೆ, ಸಾಕುವ ಖರ್ಚೂ ಉಳಿಯುತ್ತದೆ. ಹಾಗಾಗಿ ತಾಯಿಯಿಂದ ಬೇಗ ಬಿಡಿಸಿ ಒಂದಿಷ್ಟು ದಿನ ಸೇರಿಸಿ ಹೇಳುವುದು ನಾನು ತುಂಬಾ ನೋಡಿರುವ ಅಭ್ಯಾಸ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅದು ಸುಮ್ನೆ ಮಾಡಿದ ನಿಯಮವಲ್ಲ. ಆ ಕೊನೆಯ ಎರಡು ಮೂರು ವಾರದಲ್ಲಿ ಮರಿ ತಾಯಿಯ ಹಾಲಿನ ಜೊತೆಗೆ ಗಟ್ಟಿ ಆಹಾರ ತಿನ್ನುವುದನ್ನು ಕಲಿಯುತ್ತದೆ, ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಒಡಹುಟ್ಟಿದವರಿಂದ ಕಲಿಯುತ್ತದೆ. ನಿಮ್ಮ ಮರಿಗೆ ಅದು ತಪ್ಪಿರಬಹುದು. ಆದರೂ ಚೆನ್ನಾಗಿ ಚೇತರಿಸಿಕೊಂಡಿದೆ, ಅದು ನಿಮ್ಮ ಆರೈಕೆಯಿಂದ.

40 ದಿನಕ್ಕೆ ನೀವು ಸಾಕಿದ ಮೂರು ತಿಂಗಳು ಸೇರಿಸಿದರೆ 130 ದಿನ, ಅಂದರೆ ನಾಲ್ಕು ತಿಂಗಳು ಹತ್ತು ದಿನ. ಹಲ್ಲೂ ಅದನ್ನೇ ಹೇಳುತ್ತಿದೆ. ಆ ವಯಸ್ಸಿನ ಹೆಣ್ಣು ಕಾಕರ್‌ಗೆ 6.4 ಕೆಜಿ ಕಡಿಮೆಯೇನಲ್ಲ.

ಇನ್ನೂ ಒಂದು ಸಮಾಧಾನದ ಲೆಕ್ಕ ನಿಮ್ಮ ಪತ್ರದಲ್ಲೇ ಇದೆ. ಒಂದು ತಿಂಗಳಲ್ಲಿ 4.6ರಿಂದ 6.4ಕ್ಕೆ ಬಂದಿದ್ದಾಳೆ. ವಾರಕ್ಕೆ 400 ಗ್ರಾಂಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಬೆಳವಣಿಗೆ ನಿಂತ ಮರಿ ಹೀಗೆ ತೂಕ ಹಾಕುವುದಿಲ್ಲ. ಪಕ್ಕದ ಮನೆಯವರು ಹೇಳುವುದು ಕಣ್ಣಳತೆ, ನಿಮ್ಮ ಕೈಯಲ್ಲಿರುವುದು ತಕ್ಕಡಿ. ತಕ್ಕಡಿಯನ್ನೇ ನಂಬಿ.

ಹಾಗಾದರೆ ಕೊನೆಗೆ ಎಷ್ಟಾಗುತ್ತಾಳೆ? ಇಲ್ಲಿ ಮೊದಲು ಒಂದು ಗೊಂದಲ ಬಿಡಿಸಬೇಕು. ಸ್ಪ್ಯಾನಿಯಲ್ ಅನ್ನುವುದು ಒಂದು ತಳಿಯಲ್ಲ, ಒಂದು ದೊಡ್ಡ ಮನೆತನ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ 5.5ರಿಂದ 8 ಕೆಜಿಗೆ ನಿಂತುಬಿಡುತ್ತದೆ. ಇಂಗ್ಲಿಷ್ ಸ್ಪ್ರಿಂಗರ್ ಹೆಗಲ ಹತ್ತಿರ 50 ಸೆಂಟಿಮೀಟರ್ ಎತ್ತರ ಬೆಳೆದು 20 ಕೆಜಿ ದಾಟುತ್ತದೆ. ಕ್ಲಂಬರ್ ಅಂತ ಒಂದಿದೆ, ನಮ್ಮ ಕಡೆ ಕಾಣುವುದೇ ಇಲ್ಲ, ಅದು 30 ಕೆಜಿ ಮೇಲೂ ಹೋಗುತ್ತದೆ. ನೆಟ್‌ನಲ್ಲಿ ಸ್ಪ್ಯಾನಿಯಲ್ ತೂಕ ಅಂತ ಹುಡುಕಿದಾಗ ಒಂದೊಂದು ಕಡೆ ಒಂದೊಂದು ಅಂಕಿ ಸಿಗುವುದು ಇದಕ್ಕೇ.

ನಮ್ಮಲ್ಲಿ ಕಾಕರ್ ಅಂತ ಮಾರುವುದರಲ್ಲೂ ಎರಡು ತಳಿ ಇವೆ. ಇಂಗ್ಲಿಷ್ ಕಾಕರ್ ಸ್ವಲ್ಪ ಎತ್ತರ, ಮೂತಿ ಉದ್ದ. ಅದರ ಮಾನದಂಡದಲ್ಲಿ ಗಂಡು 39ರಿಂದ 41 ಸೆಂಟಿಮೀಟರ್, ಹೆಣ್ಣು 38ರಿಂದ 39, ತೂಕ ಸುಮಾರು 13ರಿಂದ 14.5 ಕೆಜಿ. ಅಮೆರಿಕನ್ ಕಾಕರ್ ಅದಕ್ಕಿಂತ ಗಿಡ್ಡ. ತಲೆ ಗುಂಡಗೆ, ಮೂತಿ ಮೊಟಕು, ಕಾಲಿಗೆಲ್ಲ ಕೂದಲು. ಹೆಣ್ಣು ಸುಮಾರು 35.5 ಸೆಂಟಿಮೀಟರ್, ತೂಕ 9ರಿಂದ 11 ಕೆಜಿ ಆಸುಪಾಸು. ಮೊದಲು ಇವೆರಡೂ ಒಂದೇ ಆಗಿದ್ದವು. ಅಮೆರಿಕದವರು ಚಿಕ್ಕದನ್ನೇ ಆರಿಸಿ ಆರಿಸಿ ಬೆಳೆಸಿ, 1946ರಲ್ಲಿ ತಳಿಗಳನ್ನು ದಾಖಲಿಸುವ ಅಲ್ಲಿನ ಕೆನಲ್ ಕ್ಲಬ್ ಇಂಗ್ಲಿಷ್ ಕಾಕರನ್ನು ಬೇರೆ ತಳಿ ಅಂತ ಒಪ್ಪಿಕೊಂಡಿತು. ನಮ್ಮ ಊರುಗಳಲ್ಲಿ ಸಿಗುವ ಮರಿಗಳಲ್ಲಿ ತುಂಬಾ ಸಲ ಎರಡೂ ಬೆರೆತಿರುತ್ತವೆ. ನೀವು ಕಳಿಸಿದ ಫೋಟೋದಲ್ಲಿ ಚಿನ್ನಿಯ ಮೂತಿ ಅಷ್ಟೇನೂ ಉದ್ದವಿಲ್ಲ, ಹಣೆ ಸ್ವಲ್ಪ ಉಬ್ಬಿದೆ. ನನ್ನ ಅಂದಾಜಿನಲ್ಲಿ ಇವಳಲ್ಲೂ ಎರಡರ ಪಾಲೂ ಇದೆ.

ಮಧ್ಯಮ ಗಾತ್ರದ ನಾಯಿ ನಾಲ್ಕು ತಿಂಗಳ ಹೊತ್ತಿಗೆ ತನ್ನ ಕೊನೆಯ ತೂಕದ ಸುಮಾರು ಅರ್ಧಕ್ಕೆ ಬಂದಿರುತ್ತದೆ, ಆರೇಳು ತಿಂಗಳಿಗೆ ಮುಕ್ಕಾಲು ಭಾಗ. ಚಿನ್ನಿ ನಾಲ್ಕು ತಿಂಗಳು ದಾಟಿದ್ದಾಳೆ, ಹಾಗಾಗಿ ಅರ್ಧಕ್ಕಿಂತ ಸ್ವಲ್ಪ ಮುಂದೆ ಇದ್ದಾಳೆ ಅಂತ ಇಟ್ಟುಕೊಂಡರೆ ಕೊನೆಗೆ 11ರಿಂದ 12 ಕೆಜಿ. ಆರು ತಿಂಗಳಿಗೆ 8, 9 ಕೆಜಿ ಕಾಣಬೇಕು. ಒಂಬತ್ತು ಹತ್ತು ತಿಂಗಳಿಗೆ ಎತ್ತರ ಬಹುತೇಕ ಮುಗಿಯುತ್ತದೆ. ಆಮೇಲೆ ಒಂದು ವರ್ಷ, ಒಂದೂಕಾಲು ವರ್ಷದವರೆಗೂ ಎದೆ ಅಗಲವಾಗಿ ಮೈ ತುಂಬಿಕೊಳ್ಳುತ್ತದೆ. ಆರು ತಿಂಗಳಿಂದ ಹತ್ತು ತಿಂಗಳವರೆಗೆ ಕಾಲು ಉದ್ದ, ಮೈ ಬಡಕಲು ಅನ್ನುವ ಒಂದು ಅವತಾರ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಬಂದವರಿಗೆ ಲೆಕ್ಕವಿಲ್ಲ. ನಿಮಗೂ ಬರುತ್ತದೆ, ಈಗಲೇ ಹೇಳಿಟ್ಟಿರುತ್ತೇನೆ.

ಎತ್ತರ ಅಳೆಯುವಾಗ ಹೆಗಲ ಮೂಳೆಯ ತುದಿಯವರೆಗೆ ಮಾತ್ರ ಅಳೆಯಿರಿ, ತಲೆಯವರೆಗಲ್ಲ. ಕಾಕರ್ ದೊಡ್ಡದಾದ ಮೇಲೂ ಅದರ ಬೆನ್ನು ನಮ್ಮ ಪ್ಲಾಸ್ಟಿಕ್ ಕುರ್ಚಿಯ ಸೀಟಿಗಿಂತ ಸ್ವಲ್ಪ ಕೆಳಗೇ ಇರುತ್ತದೆ. ತೂಕ 25 ಕೆಜಿ ಅಕ್ಕಿ ಚೀಲದ ಅರ್ಧ ಅಂದುಕೊಳ್ಳಿ. ನಿಮ್ಮ ಓನರ್‌ಗೆ ಇದನ್ನೇ ಹೇಳಿ, ಕೆಜಿ ಸೆಂಟಿಮೀಟರ್ ಹೇಳಿದರೆ ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ.

ಆದರೆ ಈ ಅಂದಾಜಿಗೂ ಒಂದು ಮಿತಿ ಇದೆ, ಅದನ್ನೂ ಹೇಳಬೇಕು. ಅಪ್ಪ ಅಮ್ಮ ಯಾರು ಅಂತ ಗೊತ್ತಿಲ್ಲದಿದ್ದರೆ ಯಾವ ಲೆಕ್ಕವೂ ತಪ್ಪಬಹುದು. ಕೆಲವು ವರ್ಷದ ಹಿಂದೆ ಒಂದು ಕುಟುಂಬ ಕಾಕರ್ ಅಂತ ತಂದ ಮರಿ ಹತ್ತು ತಿಂಗಳಿಗೆ 21 ಕೆಜಿ ಆಯಿತು. ಸ್ಪ್ರಿಂಗರ್ ಬೆರಕೆ ಇದ್ದಿರಬೇಕು. ಆರೋಗ್ಯವಾದ, ಒಳ್ಳೆಯ ನಾಯಿ. ಆದರೆ ಅವರು ಮನೆ ಬದಲಿಸಬೇಕಾಯಿತು. ಆ ಮರಿಯನ್ನು ನಾನು ಮೂರನೇ ತಿಂಗಳಿಂದ ನೋಡಿದ್ದೆ, ಪ್ರತಿ ಸಲವೂ ತೂಕ ಕಾಕರ್‌ನ ಲೆಕ್ಕಕ್ಕಿಂತ ಮುಂದೇ ಇರುತ್ತಿತ್ತು. ಚಿನ್ನಿಯ ವಿಷಯದಲ್ಲಿ ಅಂಥ ಲಕ್ಷಣ ಏನೂ ಕಾಣುತ್ತಿಲ್ಲ. ಸಾಧ್ಯವಾದರೆ ಕೊಟ್ಟವರಿಗೆ ಫೋನ್ ಮಾಡಿ ತಾಯಿ ನಾಯಿಯ ತೂಕ ಎಷ್ಟು ಅಂತ ಕೇಳಿ. ಅದೊಂದು ಅಂಕಿ ನನ್ನ ಈ ಎಲ್ಲಾ ಅಂದಾಜಿಗಿಂತ ಬೆಲೆಬಾಳುತ್ತದೆ.

ಪಂಜದ ಮಾತು. ಪಂಜ ದೊಡ್ಡದಿದ್ದರೆ ನಾಯಿ ದೊಡ್ಡದಾಗುತ್ತದೆ ಅನ್ನುವುದು ಗ್ರೇಟ್ ಡೇನ್ ಮರಿಯನ್ನೂ ಪಗ್ ಮರಿಯನ್ನೂ ಪಕ್ಕ ಪಕ್ಕ ಇಟ್ಟರೆ ನಿಜ. ಒಂದೇ ತಳಿಯೊಳಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಅದೂ ಸ್ಪ್ಯಾನಿಯಲ್‌ಗಳಲ್ಲಿ ಪಂಜದ ಬೆರಳ ಸಂದಿಯಲ್ಲೆಲ್ಲ ಕೂದಲು ಬೆಳೆಯುತ್ತದೆ. ಮೊನ್ನೆ ಗ್ರೂಮಿಂಗ್ ಮಾಡಿಸಿದ್ದರೆ ಪಂಜ ಸಣ್ಣ, ಮಾಡಿಸದಿದ್ದರೆ ದೊಡ್ಡ, ಅಷ್ಟೇ ವ್ಯತ್ಯಾಸ.

ಗಾತ್ರ ನಿರ್ಧಾರ ಆಗುವುದು ಮುಖ್ಯವಾಗಿ ಹುಟ್ಟಿನಿಂದ. 2007ರಲ್ಲಿ ವಿಜ್ಞಾನಿಗಳು ಐಜಿಎಫ್-1 ಅನ್ನುವ ಒಂದೇ ಜೀನ್‌ನಲ್ಲಿರುವ ವ್ಯತ್ಯಾಸ ಚಿಕ್ಕ ತಳಿಗಳು ಚಿಕ್ಕದಾಗಿರುವುದಕ್ಕೆ ದೊಡ್ಡ ಕಾರಣ ಅಂತ ತೋರಿಸಿದರು. ಇನ್ನೂ ಹಲವು ಜೀನ್‌ಗಳ ಪಾಲೂ ಇದೆ. ಉದ್ದ ಮೂಳೆಗಳ ತುದಿಯಲ್ಲಿ ಗ್ರೋತ್ ಪ್ಲೇಟ್ ಅಂತ ಮೆತ್ತನೆಯ ಒಂದು ಪಟ್ಟಿ ಇರುತ್ತದೆ, ಮೂಳೆ ಉದ್ದವಾಗುವುದು ಅಲ್ಲಿಂದ. ಕಾಕರ್ ಗಾತ್ರದ ನಾಯಿಗಳಲ್ಲಿ ಎಂಟರಿಂದ ಹನ್ನೆರಡು ತಿಂಗಳೊಳಗೆ ಹೆಚ್ಚಿನವು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಮೇಲೆ ಯಾವ ಟಾನಿಕ್ಕಿಗೂ ಒಂದು ಮಿಲಿಮೀಟರ್ ಎತ್ತರ ಹೆಚ್ಚಿಸಲು ಆಗುವುದಿಲ್ಲ. ಮುಚ್ಚುವ ಮೊದಲೂ ನಾವು ಜಾಸ್ತಿ ತಿನ್ನಿಸಿ ಹುಟ್ಟಿನ ಗಾತ್ರವನ್ನು ದಾಟಿಸಲಾರೆವು. ಮರಿ ದಪ್ಪ ಆಗುತ್ತದೆ, ಅಷ್ಟೇ. ಆದರೆ ತಿನ್ನಿಸುವುದು ಕಡಿಮೆಯಾದರೆ, ಇಲ್ಲ ಹದ ತಪ್ಪಿದರೆ, ಹುಟ್ಟಿನಿಂದ ಸಿಗಬೇಕಾದ್ದನ್ನು ಕೆಡಿಸಬಹುದು. ಅದಕ್ಕೇ ನಿಮ್ಮ ಪತ್ರದಲ್ಲಿ ನನಗೆ ಚಿಂತೆಯಾಗಿದ್ದು ಗಾತ್ರ ಅಲ್ಲ, ಊಟ.

ನಿಮ್ಮ ಮನೆಯ ಊಟ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಪ್ರೀತಿಯಿಂದ ಕೊಡುತ್ತಿದ್ದೀರಿ ಅಂತ ಗೊತ್ತಾಗುತ್ತದೆ. ಆದರೆ ಬ್ರೆಡ್, ಅನ್ನ, ಗಂಜಿ, ಮೂರೂ ಹೊತ್ತೂ ಹೊಟ್ಟೆ ತುಂಬಿಸುವ ಪದಾರ್ಥವೇ ಜಾಸ್ತಿ. ಬೆಳೆಯುವ ಮರಿಗೆ ಬೇಕಾದ ಪ್ರೋಟೀನ್ ಆ ಸ್ವಲ್ಪ ಕೋಳಿಯಿಂದ ಸಾಲುವುದಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಂಗೆ 300 ಮಿಲಿಗ್ರಾಂ ದಾಟುತ್ತದೆ, ನಿಜ. ಆದರೆ ರಾಗಿಯಲ್ಲೇ ಇರುವ ಫೈಟೇಟ್ ಅನ್ನುವ ಅಂಶ ಅದರಲ್ಲಿ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಂಜಿ ಮಾಡಿದಾಗ ನೀರೇ ಜಾಸ್ತಿ, ಮರಿಯ ಹೊಟ್ಟೆಗೆ ಹೋಗುವ ರಾಗಿ ಹಿಟ್ಟು ಎರಡು ಚಮಚ. ರಾಗಿ ತಿಂದು ಬೆಳೆದ ನಾಯಿ ಗಟ್ಟಿ ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಇದೆ. ಅಲ್ಲಿನ ನಾಯಿ ರಾಗಿ ಮುದ್ದೆಯ ಜೊತೆಗೆ ಊರೆಲ್ಲ ಸುತ್ತಿ ಇನ್ನೂ ಏನೇನೋ ತಿನ್ನುತ್ತಿರುತ್ತದೆ, ನಿಮ್ಮ ಮೊದಲನೇ ಮಹಡಿಯ ಚಿನ್ನಿಗೆ ನೀವು ಬಟ್ಟಲಿಗೆ ಹಾಕಿದ್ದಷ್ಟೇ ಗತಿ.

ಹಾಲು ಕೆಲವು ಮರಿಗಳಿಗೆ ಆಗುತ್ತದೆ, ಕೆಲವಕ್ಕೆ ಭೇದಿ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ಮರಿ ಬೆಳೆದಂತೆ ಕಡಿಮೆಯಾಗುತ್ತದೆ. ಮೊಸರು ಅಷ್ಟು ತೊಂದರೆ ಕೊಡುವುದಿಲ್ಲ. ಹಸಿ ಮೊಟ್ಟೆ ನಿಲ್ಲಿಸಿ, ಬೇಯಿಸಿ ಕೊಡಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು, ಮನೆಯಲ್ಲಿ ಮಗು ಬೇರೆ ಇದೆ. ಬೇಯಿಸಿದ ಕೋಳಿಯ ಮೂಳೆ ಬೇಡವೇ ಬೇಡ, ಚೂಪಾಗಿ ಸಿಗಿದು ಕರುಳಿಗೆ ಚುಚ್ಚುತ್ತದೆ. ಸಾಂಬಾರು ಕಲಸಿದ ಅನ್ನವೂ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ.

ಈಗ ಕ್ಯಾಲ್ಸಿಯಂ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎರಡೂ ಕಡೆ ತಪ್ಪು ನಡೆಯುತ್ತದೆ. ಮರಿ ಬೆಳೆಯಲಿ ಅಂತ ಅಂಗಡಿಯಲ್ಲಿ ಕೊಡುವ ಮೊದಲ ಬಾಟಲಿಯೇ ಅದು. ಕಂಪನಿಯ ಪಪ್ಪಿ ಫುಡ್ ಪೂರ್ತಿಯಾಗಿ ತಿನ್ನುವ ಮರಿಗೆ ಅದರ ಮೇಲೆ ಕ್ಯಾಲ್ಸಿಯಂ ಬೇಕಾಗಿಲ್ಲ. ಆ ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಹದವಾಗಿ ಇರುತ್ತವೆ, ಒಂದಕ್ಕೊಂದರಿಂದ ಎರಡಕ್ಕೊಂದರವರೆಗೆ. ಚಿಕ್ಕ ಮರಿಯ ಕರುಳಿಗೆ ಇಷ್ಟು ಸಾಕು ಅಂತ ತಡೆಯುವ ಶಕ್ತಿ ಇನ್ನೂ ಚೆನ್ನಾಗಿ ಬಂದಿರುವುದಿಲ್ಲ, ಸುರಿದಷ್ಟೂ ಒಳಗೆ ಹೋಗುತ್ತದೆ. ದೊಡ್ಡ ತಳಿಗಳಲ್ಲಿ ಇದರಿಂದ ಮೂಳೆ ಸೊಟ್ಟ ಆಗುವುದು, ಕೀಲು ಹಾಳಾಗುವುದು ಚೆನ್ನಾಗಿ ಗೊತ್ತಿರುವ ವಿಷಯ. ಕಾಕರ್‌ಗೆ ಅಪಾಯ ಅಷ್ಟಿಲ್ಲ, ಆದರೆ ಲಾಭವಂತೂ ಇಲ್ಲ.

ಇನ್ನೊಂದು ಕಡೆ, ಬರೀ ಅನ್ನ ಮತ್ತು ಮೂಳೆ ಇಲ್ಲದ ಕೋಳಿ ತಿನ್ನುವ ಮರಿಗೆ ನಿಜವಾಗಲೂ ಕ್ಯಾಲ್ಸಿಯಂ ಸಾಲುವುದಿಲ್ಲ. ಮಾಂಸದಲ್ಲಿ ರಂಜಕ ತುಂಬಾ ಇದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಗ ದೇಹ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಹೀಗೆ ಬೆಳೆದ ನಾಲ್ಕು ತಿಂಗಳ ಮರಿಯೊಂದು ಸೋಫಾದಿಂದ ಹಾರಿ ಹಿಂಗಾಲು ಮುರಿದುಕೊಂಡು ಬಂದಿತ್ತು. ಎಕ್ಸ್‌ರೇಯಲ್ಲಿ ಮೂಳೆ ಯಾವುದು, ಮಾಂಸ ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕಾಗಿತ್ತು, ಅಷ್ಟು ತೆಳ್ಳಗಾಗಿತ್ತು. ಅವರು ದಿನಾ ಅರ್ಧ ಕೆಜಿ ಕೋಳಿ ಹಾಕುತ್ತಿದ್ದರು. ಕಡಿಮೆ ಮಾಡಿದ್ದೇನೂ ಇಲ್ಲ ಡಾಕ್ಟರೇ ಅಂತ ಆ ಮನೆಯ ಅಜ್ಜಿ ಅತ್ತಿದ್ದು ನನಗೆ ಇವತ್ತಿಗೂ ನೆನಪಿದೆ.

ಬಿಸಿಲಿಗೆ ಬಿಟ್ಟರೆ ವಿಟಮಿನ್ ಡಿ ಬರುತ್ತದೆ, ಅಷ್ಟು ಸಾಕು ಅನ್ನುವುದೂ ನಾಯಿಗೆ ಸರಿಹೊಂದುವುದಿಲ್ಲ. ನಮ್ಮ ಚರ್ಮದ ಹಾಗೆ ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ಡಿ ತಯಾರಿಸುವುದಿಲ್ಲ. ಊಟದಿಂದಲೇ ಬರಬೇಕು.

ಹಾಗಾಗಿ ನಿಮ್ಮ ಮುಂದೆ ಇರುವುದು ಎರಡು ದಾರಿ. ಒಂದು, ಒಳ್ಳೆಯ ಪಪ್ಪಿ ಫುಡ್‌ಗೆ ಬದಲಾಯಿಸುವುದು. ಒಂದೇ ದಿನ ಬದಲಾಯಿಸಬೇಡಿ, ಏಳರಿಂದ ಹತ್ತು ದಿನ ಹಳೆಯದರಲ್ಲಿ ಹೊಸದನ್ನು ಬೆರೆಸುತ್ತಾ ಹೋಗಿ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಪೂರ್ತಿ ಬದಲಾದ ದಿನ ಸಿರಪ್ ನಿಲ್ಲಿಸಿ. ಇದು ಸುಲಭ, ಆದರೆ ಖರ್ಚು. ಪ್ಯಾಕೆಟ್ ಮೇಲಿನ ಅಳತೆ ಹೆಚ್ಚಿನ ಸಲ ಸ್ವಲ್ಪ ಜಾಸ್ತಿಯೇ ಇರುತ್ತದೆ, ಮರಿಯ ಮೈ ನೋಡಿ ಕಡಿಮೆ ಮಾಡಿಕೊಳ್ಳಬೇಕು. ಎರಡನೆಯದು, ಮನೆಯ ಊಟವನ್ನೇ ಮುಂದುವರಿಸುವುದು. ಅದೂ ಆಗುತ್ತದೆ. ಆದರೆ ಅಂದಾಜಿಗೆ ಆಗುವುದಿಲ್ಲ. ನಿಮ್ಮ ಹತ್ತಿರದ ಪಶುವೈದ್ಯರ ಬಳಿ ಕೂತು ಕೋಳಿ, ಮೊಟ್ಟೆ, ಲಿವರ್, ಅನ್ನ ಅಥವಾ ರಾಗಿ, ತರಕಾರಿ ಎಷ್ಟೆಷ್ಟು ಗ್ರಾಂ, ಕ್ಯಾಲ್ಸಿಯಂ ಎಷ್ಟು, ವಿಟಮಿನ್ ಯಾವುದು ಅಂತ ಬರೆಸಿಕೊಳ್ಳಬೇಕು. ತೂಕ ಹೆಚ್ಚಿದಂತೆ ಅದನ್ನು ಬದಲಾಯಿಸುತ್ತಲೂ ಇರಬೇಕು. ಇದಕ್ಕೆ ಸಮಯ ಇದೆಯಾ ಅಂತ ನೀವೇ ಯೋಚಿಸಿ. ಮನೆಯೂಟ ಹೀಗೇ ಇಟ್ಟುಕೊಂಡು ಸಿರಪ್ ಮಾತ್ರ ನಿಲ್ಲಿಸುವುದು ಬೇಡ, ಅದು ಎರಡೂ ಕಡೆಯಿಂದ ತಪ್ಪಾಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದು ವರ್ಷದವರೆಗೆ ಪಪ್ಪಿ ಫುಡ್ ಹಾಕಿ, ಖುಷಿಗೆ ಒಂದು ಚಮಚ ಮೊಸರು, ವಾರಕ್ಕೆ ಎರಡು ಮೂರು ಬೇಯಿಸಿದ ಮೊಟ್ಟೆ ಕೊಡುತ್ತಿದ್ದೆ. ಆರು ತಿಂಗಳವರೆಗೆ ದಿನಕ್ಕೆ ಮೂರು ಹೊತ್ತು, ಆಮೇಲೆ ಎರಡು.

ಪಕ್ಕೆಲುಬು ಕೈಗೆ ಸಿಗುತ್ತದೆ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಸಿಗಲೇಬೇಕು. ನಿಮ್ಮ ಎಡಗೈಯನ್ನು ಮೇಜಿನ ಮೇಲೆ ಬೋರಲು ಚಾಚಿ ಇಡಿ. ಬಲಗೈ ಬೆರಳಿಂದ ಎಡಗೈ ಹಿಂಭಾಗದ ಮೂಳೆಗಳನ್ನು ಸವರಿ ನೋಡಿ. ಪಕ್ಕೆಲುಬು ಹಾಗೆ ಸಿಕ್ಕಿದರೆ ಸರಿ. ಮುಷ್ಟಿ ಕಟ್ಟಿದಾಗ ಬೆರಳ ಗಂಟು ಸಿಗುವ ಹಾಗೆ ಚೂಪಾಗಿ ಸಿಕ್ಕಿದರೆ ಬಡಕಲು. ಅಂಗೈ ಮುಟ್ಟಿದ ಹಾಗೆ ಮೂಳೆಯೇ ಸಿಗದಿದ್ದರೆ ದಪ್ಪ. ಕಾಕರ್‌ನ ಕೂದಲು ಕಣ್ಣಿಗೆ ಮೋಸ ಮಾಡುತ್ತದೆ, ಹಾಗಾಗಿ ಸ್ನಾನ ಮಾಡಿಸುವಾಗ ಮೈ ಒದ್ದೆಯಾದ ಮೇಲೆ ಮೇಲಿನಿಂದ ನೋಡಿ, ಸೊಂಟದ ಹತ್ತಿರ ಸ್ವಲ್ಪ ಒಳಗೆ ಹೋಗಿರಬೇಕು.

ಮುಂದೆ ನಿಮಗೆ ಎದುರಾಗುವ ತೊಂದರೆ ಮರಿ ಚಿಕ್ಕದು ಅನ್ನುವುದಲ್ಲ, ದಪ್ಪ ಆಯಿತು ಅನ್ನುವುದು. ಕಾಕರ್‌ಗೆ ಸಾಕು ಅನ್ನುವುದೇ ಗೊತ್ತಿಲ್ಲ. ಆ ಕಣ್ಣು ಮಾಡಿಕೊಂಡು ಊಟದ ತಟ್ಟೆ ಪಕ್ಕ ಕೂತರೆ ಯಾರ ಕೈಯೂ ತಡೆಯುವುದಿಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿ ವಯಸ್ಸಿನಿಂದ ಸಾವಿನವರೆಗೂ ನೋಡಿದ ಒಂದು ಅಧ್ಯಯನ ಇದೆ, 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಇನ್ನೊಂದಕ್ಕಿಂತ ಶೇಕಡಾ 25 ಕಡಿಮೆ ಊಟ. ಕಡಿಮೆ ತಿಂದ ತೆಳ್ಳಗಿನ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದವು. ನಾಯಿಯ ಆಯಸ್ಸಿನಲ್ಲಿ ಅದು ಎಷ್ಟು ದೊಡ್ಡದು, ಅಲ್ವಾ.

ಇಷ್ಟು ಹೇಳಿದ ಮೇಲೂ, ನಿಜವಾಗಿಯೇ ಬೆಳವಣಿಗೆ ಕುಂಠಿತವಾದ ಮರಿಗಳು ಇರುತ್ತವೆ. ನಮ್ಮಲ್ಲಿ ಮೊದಲನೇ ಕಾರಣ ಜಂತುಹುಳು. ದುಂಡುಹುಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ಬರುತ್ತದೆ, ಕೊಕ್ಕೆಹುಳು ಹಾಲಿನಿಂದ. ಹೊಟ್ಟೆ ಮಡಕೆಯ ಹಾಗೆ ಉಬ್ಬಿ ಬೆನ್ನು ಒಣಗಿದ್ದರೆ, ವಸಡು ಬಿಳಿಚಿಕೊಂಡಿದ್ದರೆ ಅದನ್ನೇ ಮೊದಲು ನೋಡಬೇಕು. ಹನ್ನೆರಡು ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧಿ. ನೀವು ಜಂತಿನ ಔಷಧಿಯ ವಿಷಯ ಬರೆದಿಲ್ಲ. ಈ ವಾರವೇ ಒಂದು ಡಬ್ಬಿಯಲ್ಲಿ ಅವಳ ಕಕ್ಕ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ, ಸರ್ಕಾರಿ ಪಶು ಆಸ್ಪತ್ರೆಯಲ್ಲೂ ಕೇಳಿ ನೋಡಬಹುದು. ಮನೆಯಲ್ಲಿ ಮಗಳಿದ್ದಾಳೆ, ಈ ಹುಳು ಮಕ್ಕಳಿಗೂ ಅಂಟುತ್ತದೆ. ಎರಡನೆಯದು ಉಣ್ಣಿಯಿಂದ ಬರುವ ಟಿಕ್ ಫೀವರ್. ಕಾಕರ್‌ನ ಉದ್ದ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಅಡಗಿ ಕೂತಿರುತ್ತವೆ, ದಿನಾ ಕೈ ಹಾಕಿ ನೋಡಿ.

ಇನ್ನು ಕೆಲವು ಅಪರೂಪ, ಆದರೆ ತಡ ಮಾಡಬಾರದ್ದು. ಆಟದ ನಡುವೆ ಸುಸ್ತಾಗಿ ಕೂತುಬಿಡುವುದು, ಎದೆಯಲ್ಲಿ ಶಬ್ದ ಇದ್ದರೆ ಹುಟ್ಟಿನಿಂದ ಬಂದ ಹೃದಯದ ದೋಷ ಇರಬಹುದು. ಊಟ ಆದ ಮೇಲೆ ಮಂಕಾಗಿ ಗೋಡೆಗೆ ತಲೆ ಒತ್ತಿ ನಿಲ್ಲುವುದು ಲಿವರ್‌ನ ರಕ್ತನಾಳದ ತೊಂದರೆ ಇರಬಹುದು. ಇಂಗ್ಲಿಷ್ ಕಾಕರ್‌ನಲ್ಲಿ ವಂಶದಿಂದ ಬರುವ ಒಂದು ಕಿಡ್ನಿ ಕಾಯಿಲೆ ಇದೆ, ಆರು ತಿಂಗಳಿಂದ ಎರಡು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಮರಿ ತೂಕ ಹಾಕದೆ, ಬಿಂದಿಗೆಗಟ್ಟಲೆ ನೀರು ಕುಡಿದು ತುಂಬಾ ಉಚ್ಚೆ ಹೊಯ್ಯತೊಡಗಿದರೆ ರಕ್ತ ಮತ್ತು ಮೂತ್ರ ಪರೀಕ್ಷೆ ತಕ್ಷಣ ಆಗಬೇಕು. ಚಿನ್ನಿಯಲ್ಲಿ ಇದ್ಯಾವುದೂ ಕಾಣುತ್ತಿಲ್ಲ. ಈಗಲೇ ಎಲ್ಲಾ ಟೆಸ್ಟ್ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಸುಮ್ನೆ ದುಡ್ಡು, ಮರಿಗೂ ಹಿಂಸೆ. ಎರಡು ವಾರ ತೂಕ ನಿಂತರೆ, ಅಥವಾ ಇಳಿದರೆ, ಆಗ ಮಾಡಿಸಿ.

ಮರಿ ಹಾಕದ ಹಾಗೆ ಆಪರೇಷನ್ ಮಾಡಿಸಿದರೆ ಬೆಳವಣಿಗೆ ನಿಲ್ಲುತ್ತದೆ ಅಂತ ನಿಮಗೆ ಯಾರಾದರೂ ಹೇಳುವುದು ಖಂಡಿತ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಿಜ ಅದಕ್ಕೆ ಉಲ್ಟಾ. ಗ್ರೋತ್ ಪ್ಲೇಟ್ ಮುಚ್ಚುವ ಮೊದಲೇ ಆಪರೇಷನ್ ಆದರೆ ಹಾರ್ಮೋನ್ ಇಲ್ಲದೆ ಅದು ತಡವಾಗಿ ಮುಚ್ಚುತ್ತದೆ, ಕಾಲು ಸ್ವಲ್ಪ ಉದ್ದವೇ ಆಗಬಹುದು. ಬೇಗ ಮಾಡಿಸಿದರೆ ಸ್ತನದ ಗೆಡ್ಡೆಯ ಅಪಾಯ ಕಡಿಮೆಯಾಗುತ್ತದೆ. ಮಾಡಿಸದೇ ಬಿಟ್ಟರೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ, ಅದು ಜೀವಕ್ಕೇ ಕುತ್ತು. ಮಾಡಿಸಿದ ಮೇಲೆ ಹಸಿವು ಹೆಚ್ಚಿ ದಪ್ಪ ಆಗುವುದಂತೂ ಕಾಕರ್‌ನಲ್ಲಿ ತುಂಬಾ ಸಾಮಾನ್ಯ. ನಾನು ಸಾಮಾನ್ಯವಾಗಿ ಎತ್ತರ ಮುಗಿಯುವವರೆಗೆ ಕಾಯಲು ಹೇಳುತ್ತೇನೆ. ಅಷ್ಟರಲ್ಲಿ ಒಂದು ಸಲ ಹೀಟ್‌ಗೆ, ಅಂದರೆ ಬೆದೆಗೆ ಬರಬಹುದು, ಆಗ ಮೂರು ವಾರ ಜೋಪಾನ ಮಾಡಬೇಕಾಗುತ್ತದೆ. ಅದು ಆಗದು ಅನ್ನುವ ಮನೆಯಾದರೆ ಬೇರೆ ಮಾತು, ನಿಮ್ಮ ವೈದ್ಯರ ಜೊತೆ ಕೂತು ತೀರ್ಮಾನ ಮಾಡಿ.

ಮೊದಲನೇ ಮಹಡಿ ಮನೆ ಕಾಕರ್‌ಗೆ ಸಾಲುತ್ತದೆ. ಮನೆ ಚಿಕ್ಕದಿದ್ದರೆ ನಾಯಿ ಚಿಕ್ಕದಾಗಿ ಉಳಿಯುತ್ತದೆ ಅನ್ನುವುದು ಸುಳ್ಳು, ಮನೆ ಚಿಕ್ಕದು ಅಂತ ನಾಯಿ ಸೊರಗುತ್ತದೆ ಅನ್ನುವುದೂ ಸುಳ್ಳು. ಆದರೆ ಇದು ಪೊದೆಯೊಳಗೆ ನುಗ್ಗಿ ಹಕ್ಕಿ ಎಬ್ಬಿಸಲು ಬೆಳೆಸಿದ ನಾಯಿ, ಹೆಸರು ಬಂದಿದ್ದೇ ವುಡ್‌ಕಾಕ್ ಹಕ್ಕಿಯಿಂದ. ದಿನಕ್ಕೆರಡು ಸಲ ಹೊರಗೆ ಕರೆದುಕೊಂಡು ಹೋಗಿ ಅದರ ಮೂಗಿಗೆ ಕೆಲಸ ಕೊಡಬೇಕು. ಇಲ್ಲದಿದ್ದರೆ ಸೋಫಾ ಹರಿಯುತ್ತದೆ, ಬೊಗಳುತ್ತದೆ. ಓನರ್‌ಗೆ ತೊಂದರೆಯಾಗುವುದು ಗಾತ್ರದಿಂದಲ್ಲ, ಆ ಬೊಗಳಿನಿಂದ. ಮನೆಯೊಳಗಿನ ನುಣುಪು ಟೈಲ್ಸ್ ಮೇಲೆ ಓಡುವ ಜಾಗದಲ್ಲಿ ಹಳೆಯ ಚಾಪೆ, ಡೋರ್‌ಮ್ಯಾಟ್ ಹಾಕಿ. ಬೆಳೆಯುವ ಕೀಲಿಗೆ ಜಾರುವ ನೆಲ ಒಳ್ಳೆಯದಲ್ಲ. ಮೆಟ್ಟಿಲನ್ನು ನಿಧಾನಕ್ಕೆ ಹತ್ತಿ ಇಳಿಸಿ, ಓಡಿ ಇಳಿಯಲು ಬಿಡಬೇಡಿ.

ಒಂದು ಕೆಲಸ ಮಾಡಿ. ಪ್ರತಿ ಭಾನುವಾರ ಬೆಳಿಗ್ಗೆ ಊಟಕ್ಕೆ ಮೊದಲು ತೂಕ ನೋಡಿ, ಅದೇ ಅಂಗಡಿ, ಅದೇ ತಕ್ಕಡಿ. ಮಗಳ ಕೈಲಿ ಕ್ಯಾಲೆಂಡರ್ ಮೇಲೆ ಬರೆಸಿ. ವಾರಕ್ಕೆ 250ರಿಂದ 450 ಗ್ರಾಂ ಏರುತ್ತಿದ್ದರೆ ಈಗ ಸರಿ. ಆರು ತಿಂಗಳಾದ ಮೇಲೆ ಆ ವೇಗ ತಾನಾಗಿಯೇ ಇಳಿಯುತ್ತದೆ, ಗಾಬರಿ ಬೇಡ. ಮೇಲಿನ ಕೋರೆಹಲ್ಲು ಬಿದ್ದ ದಿನವನ್ನೂ ಅದೇ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಹಾಲು ಕೋರೆ ಬೀಳದೆ ಪಕ್ಕದಲ್ಲೇ ಹೊಸದು ಬಂದರೆ ತೋರಿಸಬೇಕು, ಹಳೆಯದನ್ನು ಕೀಳಿಸಬೇಕಾಗುತ್ತದೆ. ನಾಲ್ಕು ಭಾನುವಾರದ ತೂಕ, ಆ ಹಲ್ಲಿನ ದಿನಾಂಕ, ತಾಯಿ ನಾಯಿಯ ತೂಕ ಸಿಕ್ಕಿದರೆ ಅದೂ, ಇಷ್ಟನ್ನು ಬರೆದು ಕಳಿಸಿ. ಆಗ ಚಿನ್ನಿ 11ಕ್ಕೆ ನಿಲ್ಲುತ್ತಾಳಾ 13ಕ್ಕೆ ಹೋಗುತ್ತಾಳಾ ಅಂತ ಇನ್ನೂ ಹತ್ತಿರದ ಲೆಕ್ಕ ಹೇಳುತ್ತೇನೆ.